ಕಾಣಿ, ಒಂದು ಪತ್ರಿಕಾ ಪ್ರಕಟಣೆ

ಅವರ ಬಲಗೈಯ ತೋರುಬೆರಳು ನಡುಗೆಣ್ಣಿನಲ್ಲಿ ಎಡಕ್ಕೆ ವಾಲಿತ್ತು. ಹಾಲಾಡಿಯಲ್ಲಿ ಯಾವುದೋ ಅಪಘಾತದ ಸುದ್ದಿಗೆಂದು ಧಾವಿಸುವಾಗ ತಾವೇ ಸ್ಕೂಟರಿನಿಂದ ಬಿದ್ದು ಮುರಿದುಕೊಂಡದ್ದು. ಬರೆದದ್ದನ್ನು ಓದುವಾಗ ಆ ಬೆರಳು ಸಾಲಿನ ಕೆಳಗೆ ಏಡಿಯ ಹಾಗೆ ಓರೆಯಾಗಿ ನಡೆಯುತ್ತಿತ್ತು. ಅದು ನಿಂತಿತೆಂದರೆ ಅಲ್ಲಿ ತಪ್ಪಿದೆ ಎಂದರ್ಥ.

ಕುಂದಾಪುರದಲ್ಲಿ ಒಂದು ಪತ್ರಿಕೆಯ ವರದಿಗಾರರಾಗಿ ಮೂವತ್ತು ವರ್ಷ ದುಡಿದವರು. ಬಸ್ ನಿಲ್ದಾಣದ ಹತ್ತಿರದ ಜೆರಾಕ್ಸ್ ಅಂಗಡಿಯ ಬೆಂಚೇ ಅವರ ಕಚೇರಿ. ಸಂಘಟಕರು 'ಜನಸಾಗರ ಹರಿದುಬಂತು' ಎಂದು ಬರೆದುಕೊಟ್ಟರೆ ಸಭಾಂಗಣದ ಬಾಗಿಲಿಗೆ ಹೋಗಿ ಚಪ್ಪಲಿ ಎಣಿಸಿ, ಎರಡರಿಂದ ಭಾಗಿಸಿ, 'ಎಂಬತ್ತು ಮಂದಿ' ಎಂದು ತಿದ್ದುವ ಆಸಾಮಿ. "ಮೆಟ್ಟ್ ಸುಳ್ ಹೇಳುದಿಲ್ಲ" ಎನ್ನುತ್ತಿದ್ದರು. ಇಂಥವರಿಗೆ ಮಿತ್ರರು ಕಡಿಮೆ ಎಂದು ಬೇರೆ ಹೇಳಬೇಕಾಗಿಲ್ಲ.

ನಾನು ಅವರ ಬಳಿ ಹೋದದ್ದು ಅಣ್ಣನಿಗಾಗಿ. ಗಂಗೊಳ್ಳಿಯಿಂದ ಹೊರಟ ದೋಣಿ ಮಗುಚಿ ಮೂವರು ಈಜಿ ಬಂದರು, ಅಣ್ಣ ಬರಲಿಲ್ಲ. ಹುಡುಕಾಟ ನಿಂತ ಮೇಲೂ ಅಮ್ಮ ಅಳಲಿಲ್ಲ, ಕರ್ಮ ಮಾಡಲೂ ಬಿಡಲಿಲ್ಲ. ತಲ್ಲೂರಿನಲ್ಲಿ ಕಂಪ್ಯೂಟರ್ ಕಲಿಸುವ ನನಗೆ ಗೊತ್ತಿದ್ದದ್ದು ಒಂದೇ ಕೆಲಸ, ಅದನ್ನು ಮಾಡಿದೆ. ಕಡಲಲ್ಲಿ ಕಾಣೆಯಾದವರ ವಿವರಗಳ ವೆಬ್‌ಸೈಟ್ ಕಟ್ಟಿ 'ಕಾಣಿ' ಎಂದು ಹೆಸರಿಟ್ಟೆ. ನಮ್ಮ ಮಾತಿನಲ್ಲಿ ಕಾಣಿ ಎಂದರೆ ನೋಡಿ. ಕರಾವಳಿಯಲ್ಲಿ ಎಲ್ಲಾದರೂ ದೇಹ ಸಿಕ್ಕಿದವರು ಅದನ್ನು ತೆರೆದು ನೋಡಬೇಕು, ಅಷ್ಟೇ ಆಸೆ. ಅದನ್ನು ತಿಳಿಸಲು ಒಂದು ಪತ್ರಿಕಾ ಪ್ರಕಟಣೆ ಬೇಕಿತ್ತು.

'ಮೀನುಗಾರ ಸಮುದಾಯಕ್ಕೆ ಸಮರ್ಪಿತವಾದ ವಿನೂತನ ಜಾಲತಾಣ ಲೋಕಾರ್ಪಣೆ' ಎಂದು ಬರೆದುಕೊಂಡು ಹೋಗಿದ್ದೆ. ಬೆರಳು ಮೊದಲ ಶಬ್ದದಲ್ಲೇ ನಿಂತಿತು.

"ಯಾರ್ ಓದ್ಕ್ ಅಂದೇಳಿ ಬರ್ದದ್ ಇದ್?"

"ಎಲ್ರೂ."

"ಎಲ್ರೂ ಅಂದ್ರೆ ಯಾರೂ ಅಲ್ಲ. ಈಗ ನೀರ್ ಬಡಗ್ ದಿಕ್ಕಿಗೆ ಎಳಿತಿತ್ತ್. ಓದ್ಕಾದ್ದ್ ಕಾರವಾರದ ಬದಿಯರ್. ನಿನ್ನ ಅಣ್ಣನ ಮೈ ಮೇಲೆ ಎಂತ ಇದ್ದಿತ್?"

ಬಟ್ಟೆ ಯಾವುದು, ಹಲ್ಲು ಹೇಗಿತ್ತು, ಗಾಯದ ಕಲೆ ಎಲ್ಲಿತ್ತು ಎಂದು ಒಂದೊಂದಾಗಿ ಕೇಳುತ್ತ ಹೋದರು. ನನಗೆ ಪಿತ್ತ ನೆತ್ತಿಗೇರಿತು. "ನಮ್ಮ ಅಣ್ಣ ಸತ್ತಿದ್ದ ಅಂದೇಳಿ ನಿಮ್ಗ್ ಯಾರ್ ಹೇಳ್ದ್ರ್?" ಎಂದು ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡುವಂತೆ ಕೇಳಿದೆ. ಅವರು ಸಿಟ್ಟಾಗಲಿಲ್ಲ.

"ಜೀವ ಇದ್ರೆ ಅವ್ನೇ ಬತ್ತ, ಮಗಾ. ಇಲ್ದಿದ್ರೆ ನಾವ್ ಹೋಯ್ಕ್. ನಾವ್ ಹೋಪುಕೆ ಗುರ್ತ್ ಬೇಕ್."

ಆಗ ಹೇಳಿದೆ. ಬೆಳ್ಳಿಯ ಉಡಿದಾರದ ಕೊಂಡಿ ತುಂಡಾಗಿತ್ತು, ಅಣ್ಣ ಅದನ್ನು ನೀಲಿ ಬಲೆನೂಲಿನಿಂದ ಬಿಗಿದುಕೊಂಡಿದ್ದ. ಅವರು ನನ್ನ ಎರಡು ಪುಟ ಹರಿದು ಏಳು ಸಾಲು ಬರೆದರು. ನೀಲಿ ನೂಲು ಮೊದಲ ಸಾಲಿನಲ್ಲೇ ಇತ್ತು.

ಪ್ರಕಟಣೆ ಅಚ್ಚಾಯಿತು. ಆದರೆ ಪತ್ರಿಕೆಯ ಕಚೇರಿಯಲ್ಲಿ ಘಟ್ಟದ ಮೇಲಿನ ಯಾರೋ ಒಬ್ಬರು 'ಕಾಣಿ'ಯನ್ನು ಅಕ್ಷರದೋಷವೆಂದು ತಿಳಿದು 'ಕಾಣೆ' ಮಾಡಿದ್ದರು, ವಿಳಾಸವನ್ನೂ ಅದಕ್ಕೆ ಹೊಂದುವಂತೆ ತಿದ್ದಿದ್ದರು. ಓದಿ ಹುಡುಕಿದವರಿಗೆ ಏನೂ ಸಿಗದು. ನಾನು ಆ ಮಹಾಶಯನಿಗೆ ಹಿಡಿಶಾಪ ಹಾಕುತ್ತಿದ್ದರೆ ಇವರು ತಲೆಯಾಡಿಸಿದರು. "ತಪ್ಪ್ ನಂದ್. ಕಾಣಿ ಅಂದ್ರೆ ಎಂತ ಅಂದೇಳಿ ನಾ ಬರೀಕಿತ್. ನಮ್ಮ ಮಾತ್ ಇಡೀ ಲೋಕಕ್ಕೆ ಗೊತ್ತಿತ್ ಅಂದೇಳಿ ಮಾಡ್ಕಂಡೆ." ಮರುದಿನ ಅರ್ಥ ಸೇರಿಸಿ, ಕೆಳಗೆ ನನ್ನ ಫೋನ್ ನಂಬರ್ ಕೊಟ್ಟು, ಬಡಗಿನ ಪತ್ರಿಕೆಗಳಿಗೆಲ್ಲ ತಾವೇ ಮತ್ತೆ ಕಳಿಸಿದರು. ಪ್ರತಿಯೊಂದು ಕಚೇರಿಗೂ ಫೋನ್ ಮಾಡಿ ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿಸಿದರು.

ಒಂಬತ್ತನೆಯ ದಿನ ಕಾರವಾರದ ಆಚೆಯ ಒಂದು ಹಳ್ಳಿಯಿಂದ ಕರೆ ಬಂತು. ಅಲ್ಲಿ ದಡಕ್ಕೆ ಬಂದ ದೇಹವನ್ನು ಪೊಲೀಸರು ಬರೆದುಕೊಂಡ ಮೇಲೆ ಊರವರೇ ಮಣ್ಣು ಮಾಡಿದ್ದರಂತೆ. ಸೊಂಟದಲ್ಲಿ ನೀಲಿ ನೂಲಿತ್ತಂತೆ.

ಅಂಗಡಿಯ ಬೆಂಚು ಬಿಟ್ಟು ಅವರು ನನ್ನ ಜೊತೆ ಬಂದರು. ಠಾಣೆಯಲ್ಲಿ ಪೊಲೀಸರು ಉಡಿದಾರ ತೋರಿಸಿದರು. ಗಂಟು ಅಣ್ಣನದೇ. ಆಮೇಲೆ ಊರಿನವನೊಬ್ಬ ನಮ್ಮನ್ನು ಮಣ್ಣು ಮಾಡಿದ ಜಾಗಕ್ಕೆ ಕರೆದುಕೊಂಡು ಹೋದ. ಮರಳ ದಿಬ್ಬ, ಒಂದು ಕೋಲು, ಪಕ್ಕದಲ್ಲಿ ಹರಿದ ಬಲೆಗಳ ರಾಶಿ, ಅಷ್ಟೇ. ನಾಯಿಯೊಂದು ಮಲಗಿತ್ತು, ಅವರು ಅದನ್ನು ಓಡಿಸಿದರು.

ಮನೆಗೆ ಬಂದಾಗ ಅಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ನಾನು ಅಂಗಳದಲ್ಲೇ ನಿಂತೆ. ಅವರೇ ಮುಂದೆ ಹೋಗಿ ಅವಳ ಎದುರು ನೆಲದ ಮೇಲೆ ಕೂತರು.

"ಸಿಕ್ದ, ಅಮ್ಮ. ಜೀವ ಇಲ್ಲ. ಆ ಊರಿನರ್ ಚಂದ ಮಾಡಿ ಮಣ್ಣ್ ಮಾಡಿರ್. ಹೆಂಗಸ್ರ್ ದಿನಾ ಹೂಗ್ ಇಡ್ತ್ರ್."

ಅಮ್ಮ "ಯಾವ ಹೂಗ್?" ಎಂದಳು.

"ಅಬ್ಬಲಿಗಿ" ಎಂದರು, ತಡವರಿಸದೆ.

ಅಮ್ಮ ಅಂದು ಮೊದಲ ಬಾರಿ ಅತ್ತಳು. ಅವರು ನನ್ನ ಮುಖ ನೋಡಲಿಲ್ಲ.

ಕಳೆದ ಮಳೆಗಾಲದಲ್ಲಿ ಅವರು ತೀರಿಕೊಂಡರು. ಸಕ್ಕರೆ ಕಾಯಿಲೆ ಮೊದಲು ಕಾಲನ್ನು, ಆಮೇಲೆ ಅವರನ್ನೇ ತೆಗೆದುಕೊಂಡಿತು. 'ಕಾಣಿ'ಯಲ್ಲಿ ಈಗ ಬೇರೆ ಮನೆಗಳ ಮಕ್ಕಳಿದ್ದಾರೆ, ಅವರ ಪ್ರಕಟಣೆಗಳನ್ನು ನಾನೇ ಬರೆಯುತ್ತೇನೆ. ಅಮ್ಮ ಸಂಜೆ ದೀಪ ಹಚ್ಚಿದಾಗ ಅಬ್ಬಲಿಗಿ ಇಟ್ಟ ಆ ಹೆಂಗಸರ ಹೊಟ್ಟೆ ತಣ್ಣಗಿರಲಿ ಎಂದು ಕೈ ಮುಗಿಯುತ್ತಾಳೆ. ನಾನು ಅದನ್ನು ತಿದ್ದಿಲ್ಲ.