ಎರಡು ವರ್ಷದ ಗಡುವು

ಮದುವೆಯಾದ ಮರುವರ್ಷವೇ ಗಂಡನನ್ನು ಕಳೆದುಕೊಂಡ ದೇವರಾಯಸಮುದ್ರದ ಅನಸೂಯಮ್ಮ ನರ್ಸಿಂಗ್ ಕಲಿತು, ೧೯೭೩ರಲ್ಲಿ ಇಂಗ್ಲೆಂಡಿಗೆ ಹೋದಳು. ಲೆಸ್ಟರಿನ ಆಸ್ಪತ್ರೆಯಲ್ಲಿ ಏಳು ವರ್ಷ ದುಡಿದ ಮೇಲೆ ಮಸ್ಕತ್‌ನಿಂದ ಹೆಚ್ಚಿನ ಸಂಬಳದ ಕೆಲಸ ಬಂತು. ಹೊರಟಳು. ಆದರೆ ಅಷ್ಟರಲ್ಲಿ ಇಂಗ್ಲೆಂಡಿನಲ್ಲಿ ಕಾಯಂ ಆಗಿ ನೆಲೆಸುವ ಹಕ್ಕು ಸಿಕ್ಕಿತ್ತು. ಅದನ್ನು ಬಿಡಲು ಮನಸ್ಸಾಗಲಿಲ್ಲ. ಮಸ್ಕತ್‌ನ ಕೆಲಸ ಎಷ್ಟು ದಿನವೋ ಯಾರು ಕಂಡರು?

ಹಕ್ಕು ಉಳಿಯಬೇಕಾದರೆ ಎರಡು ವರ್ಷ ತುಂಬುವುದರೊಳಗೆ ಇಂಗ್ಲೆಂಡಿಗೆ ಮರಳಬೇಕು, ವಾಸಕ್ಕೇ ಬಂದಿದ್ದೇನೆಂದು ಅಧಿಕಾರಿಯನ್ನು ಒಪ್ಪಿಸಬೇಕು. ವರ್ಷಕ್ಕೊಂದು ತಿಂಗಳ ರಜೆ. ಒಂದು ವರ್ಷದ್ದು ಊರಿಗೆ, ಮರುವರ್ಷದ್ದು ಲೆಸ್ಟರಿಗೆ. ಅಲ್ಲಿ ಮಲಯಾಳಿ ಗೆಳತಿಯೊಬ್ಬಳ ಮನೆಯ ಅಟ್ಟದಲ್ಲಿ ಒಂದು ಟ್ರಂಕು, ಬ್ಯಾಂಕಿನ ಪಾಸ್‌ಬುಕ್ಕು, ಇಷ್ಟೇ ಅವಳ ವಾಸದ ಗುರುತು. ಎಂಬತ್ತನಾಲ್ಕರಲ್ಲಿ ವಿಮಾನ ನಿಲ್ದಾಣದ ಅಧಿಕಾರಿ ಒಂದು ಗಂಟೆ ನಿಲ್ಲಿಸಿ ಪ್ರಶ್ನೆ ಕೇಳಿದ್ದ. ಆ ರಜೆಯ ಉಳಿದ ದಿನಗಳನ್ನು ಅವಳು ಗೆಳತಿಯ ಮನೆಯ ಸೋಫಾದ ಮೇಲೆ ಮಲಗಿಯೇ ಕಳೆದಳು.

ಎಂಬತ್ತಾರರ ಸೆಪ್ಟೆಂಬರಿಗೆ ಮತ್ತೆ ಗಡುವು. ಶ್ರಾವಣದಲ್ಲಿ ತಮ್ಮ ಶ್ರೀನಿವಾಸಪ್ಪನ ಮಗಳ ಮದುವೆ. ಮದುವೆ ಮುಗಿಸಿಕೊಂಡು ಹಾಗೇ ಲೆಸ್ಟರಿಗೆ ಹೋಗುವುದೆಂದು ಊರಿಗೆ ಬಂದಳು. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತಿತ್ತು. ಬೆಂಗಳೂರಿನಲ್ಲಿ ಹೊಸದಕ್ಕೆ ಅರ್ಜಿ ಹಾಕಿದಳು.

ವಿಚಾರಣೆಗೆ ಪೊಲೀಸ್ ಪೇದೆ ಬಂದ ದಿನ ಮನೆಯವರೆಲ್ಲ ಸೀರೆ ತರಲು ಮುಳಬಾಗಿಲಿಗೆ ಹೋಗಿದ್ದರು. ಪಕ್ಕದ ಮನೆಯ ಅಕ್ಕಯಮ್ಮ ಜಗಲಿಯಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು.

“ಅನಸೂಯಮ್ಮ ಅನ್ನೋರು ಇಲ್ಲೇ ಇರ್ತಾರಾ?”

“ಆಯಮ್ಮ ಇಲ್ಲೆಲ್ಲಿರ್ತಾಳೆ ಸ್ವಾಮಿ? ಫಾರಿನ್‌ನಲ್ಲಿರೋದು. ನಾಕು ದಿನ ಬಂದು ಹೋಗ್ತಾಳೆ, ಅಷ್ಟೆ.”

ಪೇದೆ ಅದನ್ನೇ ಬರೆದುಕೊಂಡು ಹೋದ. ಈ ವಿಳಾಸದಲ್ಲಿ ವಾಸವಿಲ್ಲ ಎಂಬ ವರದಿ ಬೆಂಗಳೂರು ಸೇರಿತು, ಅರ್ಜಿ ಅಲ್ಲೇ ನಿಂತಿತು.

ಸುದ್ದಿ ತಿಳಿದಾಗ ಅನಸೂಯಮ್ಮ ಪಕ್ಕದ ಮನೆಗೆ ಹೋದಳು. “ಹಂಗ್ಯಾಕೆ ಹೇಳಿದ್ರಿ ಅತ್ತೆ?”

“ನಾನು ಹೇಳಿದ್ದರಲ್ಲಿ ಸುಳ್ಳೇನಿದೆ ತಾಯಿ?” ಅಕ್ಕಯಮ್ಮ ನಿಜಕ್ಕೂ ತಿಳಿಯದೆ ಕೇಳಿದಳು.

ಅನಸೂಯಮ್ಮ ಮನೆಗೆ ಮರಳಿದಳು.

ಶ್ರೀನಿವಾಸಪ್ಪ ಎರಡನೇ ವಿಚಾರಣೆಗಾಗಿ ಓಡಾಡಿದ. ಮಸ್ಕತ್‌ಗೆ ರಜೆ ಮುಂದುವರಿಸಲು ತಂತಿ ಹೋಯಿತು. ಪಾಸ್‌ಪೋರ್ಟ್ ಕೈಗೆ ಬರುವಾಗ ಅಕ್ಟೋಬರ್ ಅರ್ಧ ಕಳೆದಿತ್ತು, ಗಡುವು ದಾಟಿತ್ತು. ಇನ್ನು ಇಂಗ್ಲೆಂಡಿಗೆ ಹೋಗಬೇಕಾದರೆ ಮದ್ರಾಸಿನ ಬ್ರಿಟಿಷ್ ಕಚೇರಿಯಿಂದ ವೀಸಾ ಬೇಕು. ತರಿಸಿದ ಫಾರಂನಲ್ಲಿ ತಡವೇಕಾಯಿತು, ಅಲ್ಲಿ ನಿನ್ನವರು ಯಾರಿದ್ದಾರೆ ಎಂಬಂಥ ಪ್ರಶ್ನೆಗಳು ನಾಲ್ಕು ಪುಟ ಇದ್ದವು.

“ಬರಿ ಅಕ್ಕ. ಇಷ್ಟು ವರ್ಷ ಉಳಿಸ್ಕೊಂಡು ಬಂದು ಈಗ್ಯಾಕೆ ಬಿಡ್ತೀಯ?” ಎಂದ ಶ್ರೀನಿವಾಸಪ್ಪ.

ಅವಳು ಹೆಸರು, ಹುಟ್ಟಿದ ತಾರೀಖು ಬರೆದು ಪೆನ್ನು ಕೆಳಗಿಟ್ಟಳು. “ಸಾಕಾಯ್ತು ಕಣೋ. ನಾನು ಎಲ್ಲಿರ್ತೀನಿ ಅಂತ ಕಂಡ ಕಂಡವರಿಗೆಲ್ಲ ರುಜುವಾತು ಕೊಟ್ಟು ಸಾಕಾಯ್ತು.”

ಶ್ರೀನಿವಾಸಪ್ಪ ಫಾರಂ ಮಡಿಸಿ ಒಳಗಿಟ್ಟ.

ಮಸ್ಕತ್‌ನಲ್ಲಿ ಇನ್ನೆರಡು ವರ್ಷ ದುಡಿದಳು. ಒಮ್ಮೆ ಲೆಸ್ಟರಿನ ಗೆಳತಿ ಸ್ವಂತ ಮನೆ ಕೊಂಡೆನೆಂದು ಬರೆದಾಗ ಆ ಕಾಗದವನ್ನು ಎರಡು ದಿನ ಮತ್ತೆ ಮತ್ತೆ ತೆಗೆದು ಓದಿದಳು. ಎಂಬತ್ತೆಂಟರಲ್ಲಿ ಊರಿಗೆ ಬಂದು ಮುಳಬಾಗಿಲಿನ ಸಣ್ಣ ನರ್ಸಿಂಗ್ ಹೋಮ್ ಒಂದಕ್ಕೆ ಸೇರಿದಳು. ಸಂಬಳ ಕಡಿಮೆ, ಹೆರಿಗೆಗಳು ಹೆಚ್ಚು. ಮೊದಲ ವರ್ಷದ ರಜೆ ಸಿಕ್ಕಾಗ ಎಲ್ಲಿಗೆ ಹೋಗ್ತೀರೆಂದು ಡಾಕ್ಟರು ಕೇಳಿದರು.

“ಎಲ್ಲಿಗೂ ಇಲ್ಲ ಸರ್, ನಿದ್ದೆ ಮಾಡ್ತೀನಿ” ಎಂದು ಊರಿನ ಬಸ್ಸು ಹಿಡಿಯಲು ಹೊರಟಳು.