ಅಣ್ಣನ ಹೊಲದಲ್ಲೂ ಭತ್ತವನ್ನು ಭತ್ತವೆಂದ ನೀಲಗಂಗಮ್ಮ

ಕಂಪ್ಲಿ ರಸ್ತೆಯ ಗದ್ದೆಗಳ ಮೇಲೆ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸೀರೆಯನ್ನು ಮೇಲಕ್ಕೆತ್ತಿ ಕಟ್ಟಿದ ನೀಲಗಂಗಮ್ಮ ಅಳತೆಗೋಲು ಹಿಡಿದು ಕೆಸರಿಗಿಳಿಯುತ್ತಾರೆ. ಪೈರಿನ ಎತ್ತರವೆಷ್ಟು, ನಿಂತ ನೀರಿನ ಆಳವೆಷ್ಟು ಎಂದು ನೋಡಿ, ಬದುವಿನ ಮೇಲಿರುವ ಕಾಲುವೆ ಕಚೇರಿಯ ಎಂಜಿನಿಯರ್ ಕೊಟ್ರಯ್ಯನವರಿಗೆ ಕೂಗಿ ಹೇಳುತ್ತಾರೆ. ಹೊತ್ತೇರಿದ ಮೇಲೆ ಉಪಗ್ರಹವೊಂದು ಈ ನೆಲದ ಮೇಲೆ ಹಾದುಹೋಗಲಿದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

"ಅದು ಮ್ಯಾಲಿಂದ ನೋಡ್ತೈತಿ, ನಾನು ಕೆಳಗಿಂದ ನೋಡ್ತೀನ್ರಿ. ಎರಡೂ ಒಂದ ದಿನದ್ದ ಇರ್ಬೇಕು" ಎನ್ನುತ್ತಾರೆ.

ಮೋಡ ಕವಿದರೆ ಉಪಗ್ರಹದ ಮಾಮೂಲಿ ಚಿತ್ರದಲ್ಲಿ ಕಾಣುವುದು ಬರೀ ಬಿಳುಪು. ಈಚೆಗೆ ಬಂದಿರುವ ರೇಡಾರ್ ಮೋಡವನ್ನೂ ದಾಟಿ ನೋಡುತ್ತದೆ. ನೀರು ನಿಂತ ಗದ್ದೆ ಅದಕ್ಕೆ ಕಪ್ಪಾಗಿ ಕಾಣುತ್ತದೆ, ಪೈರು ಎದ್ದಂತೆಲ್ಲ ಬೆಳ್ಳಗಾಗುತ್ತದೆ. ಆದರೆ ಆ ಕಪ್ಪು ಭತ್ತದ್ದೋ, ಬೀಳು ಹೊಲದಲ್ಲಿ ನಿಂತ ಮಳೆನೀರಿನದೋ ಎಂಬುದನ್ನು ನೆಲದ ಮೇಲಿರುವವರೇ ಖಾತ್ರಿ ಮಾಡಬೇಕು. ಆ ಕೆಲಸ ದಿನಗೂಲಿಯ ನೀಲಗಂಗಮ್ಮನವರದು.

ಚಿತ್ತವಾಡ್ಗಿಯ ಈ ಹೆಣ್ಣುಮಗಳು ಮೊದಲು ನಾಟಿ ಕೆಲಸಕ್ಕೆ ಹೋಗುತ್ತಿದ್ದವರು. ಗಂಡ ತೀರಿಕೊಂಡಾಗ ಮಗಳನ್ನೂ ಇವರನ್ನೂ ಮನೆಗೆ ಕರೆದೊಯ್ದು ವರ್ಷಗಟ್ಟಲೆ ಅನ್ನ ಹಾಕಿದ್ದು ಅಣ್ಣ ತೋಟಪ್ಪ. ಕೂಲಿ ಕೈಗೆ ಹತ್ತಿದ ಮೇಲೆ ಇವರು ಬೇರೆ ಮನೆ ಮಾಡಿದರು. ತೋಟಪ್ಪನ ಹೊಲ ಇರುವುದು ಈ ಗದ್ದೆಗಳಿಗೆ ನೀರುಣಿಸುವ ಕಾಲುವೆಯ ಮೇಲ್ಭಾಗದಲ್ಲಿ. ಅಲ್ಲಿ ಕಡಿಮೆ ನೀರು ಸಾಕಾಗುವ ಶೇಂಗಾ, ಹತ್ತಿ ಬೆಳೆಯಬೇಕೆಂಬುದು ನಿಯಮ, ಎಲ್ಲರೂ ಬೆಳೆಯುವುದು ಭತ್ತ. ಹೀಗಾಗಿ ಕಾಲುವೆಯ ತುದಿಗೆ ನೀರೇ ಮುಟ್ಟುತ್ತಿರಲಿಲ್ಲ.

ಎರಡು ವರ್ಷದ ಹಿಂದೆ, ತೊಂಬತ್ಮೂರರ ಮುಂಗಾರಿನಲ್ಲಿ ಅಳತೆಯ ಸರದಿ ಆ ಹೊಲಕ್ಕೇ ಬಂತು. ತೋಟಪ್ಪ ಹತ್ತಿರ ಬಂದು ಮೆಲ್ಲಗೆ, "ಶೇಂಗಾ ಅಂತ ಹೇಳವ್ವ, ನಿಂದೇನು ಹೋಗ್ತೈತಿ?" ಎಂದ. ನೀಲಗಂಗಮ್ಮ ಅಳತೆಗೋಲನ್ನು ನೀರಿಗಿಳಿಸಿದರು.

"ಅಣ್ಣ, ಮೊಣಕಾಲತನ ನೀರಾಗ ನಿಂತೀನಿ. ಶೇಂಗಾ ಅಂತ ಹೆಂಗ ಅನ್ಲಿ?"

ಹಾಗೆಂದು, ಬದುವಿನ ಕಡೆ ತಿರುಗಿ "ಭತ್ತ" ಎಂದು ಕೂಗಿದರು. ಮರುವರ್ಷದ ಪಂಚಮಿಗೆ ತವರಿನಿಂದ ಯಾರೂ ಕರೆಯಲು ಬರಲಿಲ್ಲ. "ಹಬ್ಬದ ದಿನ ಬಾಗಿಲ ಮುಂದ ಕುಂತ ಅತ್ತೀನ್ರಿ" ಎಂದು ಒಪ್ಪಿಕೊಳ್ಳುತ್ತಾರೆ.

ಚಿತ್ರವೂ ನೆಲದ ಅಳತೆಯೂ ತಾಳೆಯಾದ ಮೇಲೆ ಕಾಲುವೆ ಕಚೇರಿ ಮೇಲ್ಭಾಗದ ತೂಬುಗಳನ್ನು ಬಿಗಿ ಮಾಡಿತು. ಕಳೆದ ವರ್ಷ ತುದಿಯ ಹೊಲಗಳಿಗೂ ನೀರು ಹರಿಯಿತು. ಅಲ್ಲಿಯ ಹುಲುಗಮ್ಮ ಇವರ ಕೈ ಹಿಡಿದು, "ನಮ್ಮ ಜ್ವಾಳ ಈ ಸಲ ಎದಿಮಟ ನಿಂತೈತವ್ವ" ಎಂದರಂತೆ.

ಈ ವರ್ಷ ಪಂಚಮಿಯ ಮುನ್ನಾದಿನ ತೋಟಪ್ಪನೇ ಸೈಕಲ್ ತುಳಿದುಕೊಂಡು ಬಂದ. ಒಳಗೆ ಬರಲಿಲ್ಲ. "ಸಿಟ್ಟು ಇನ್ನೂ ಐತಿ. ಹಬ್ಬಕ್ಕ ಬಾ" ಎಂದಷ್ಟೇ ಹೇಳಿ ಸೈಕಲ್ ತಿರುಗಿಸಿದ. ಈಗ ಆತನ ಅರ್ಧ ಹೊಲದಲ್ಲಿ ಶೇಂಗಾ ಇದೆ.

ಉಳಿದರ್ಧ?

"ಭತ್ತಾನ ಐತ್ರಿ" ಎಂದು ನಗುತ್ತಾರೆ ನೀಲಗಂಗಮ್ಮ. "ಅವರ ಮನ್ಯಾಗ ಹಬ್ಬ ಉಂಡ ಬಂದೀನಿ. ನಾಳೆ ಅಳತಿಗೆ ಹೋದಾಗ ಅದನ್ನೂ ಹೇಳ್ತೀನಿ. ಅಂವಗೂ ಅದು ಗೊತ್ತೈತಿ. ಗೊತ್ತಿದ್ದೂ ಕರ್ದಾನ ನೋಡ್ರಿ."