ನೀಲಿ ಕಾಗದದೊಳಗಿನ ಹಿಪ್ಪುನೇರಳೆ

ಬೆಂಗಳೂರಿನಿಂದ ಶಿಡ್ಲಘಟ್ಟಕ್ಕೆ ಹೋಗುತ್ತಿದ್ದ ಸಣ್ಣ ರೈಲಿಗೆ ಅವಸರವೆಂಬುದೇ ಇರಲಿಲ್ಲ. ಮೂರನೇ ದರ್ಜೆಯ ಡಬ್ಬಿಯಲ್ಲಿ ಕಿಟಕಿ ಪಕ್ಕ ಕೂತು, ಮಡಿಲಲ್ಲಿ ಬಣ್ಣದ ಪಾರದರ್ಶಕ ಕಾಗದದ ಸುರುಳಿ ಇಟ್ಟುಕೊಂಡು ಹೊರಟೆ. ಅರವತ್ತರ ದಶಕದ ಆರಂಭ. ನಾನಾಗ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದೆ. ಎದುರಿಗಿದ್ದ ಹೆಂಗಸು "ಮದ್ವೆ ಮನೆ ಅಲಂಕಾರಕ್ಕಾ?" ಎಂದು ಕೇಳಿದಳು. ಹೌದೆಂದುಬಿಟ್ಟೆ. ನಿಜ ಹೇಳಲು ಚಿಕ್ಕಬಳ್ಳಾಪುರದವರೆಗಿನ ದಾರಿ ಸಾಲುತ್ತಿರಲಿಲ್ಲ.

ಎಲೆಯ ಅಡಿಯಲ್ಲಿ ಬರಿಗಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿರುತ್ತವೆ. ಗಿಡ ಗಾಳಿ ಎಳೆದುಕೊಳ್ಳುವುದು, ನೀರಿನ ಆವಿ ಬಿಡುವುದು ಅವುಗಳಿಂದಲೇ. ಕತ್ತಲಲ್ಲಿ ಮುಚ್ಚುತ್ತವೆ, ಬೆಳಕಿಗೆ ತೆರೆಯುತ್ತವೆ. ಬೆಳಕಿನಲ್ಲೂ ನೀಲಿಗೆ ಚೆನ್ನಾಗಿ, ಕೆಂಪಿಗೆ ಅಷ್ಟಕ್ಕಷ್ಟೆ, ಹಸಿರಿಗೆ ಇನ್ನೂ ಕಡಿಮೆ ಎಂದು ನಾನೂ ಗೆಳತಿ ವಿಮಲಳೂ ಕಾಲೇಜಿನ ಕುಂಡಗಳಲ್ಲಿ ಕಂಡಿದ್ದೆವು. ವಿಮಲ ಮದುವೆಯಾಗಿ ನಾಗಪುರ ಸೇರಿದಳು. ಕಾಲೇಜಿನ ಉಳಿದ ಅಧ್ಯಾಪಕರು "ಕುಂಡದ ಗಿಡದ ಮಾತು ಬಿಡಿ" ಎಂದು ನಕ್ಕರು. ತೋಟದ ಗಿಡದಲ್ಲೇ ನೋಡಿಬಿಡೋಣವೆಂದು ಹಟ ಹಿಡಿದು, ಸಿಕ್ಕ ಎರಡು ದಿನದ ರಜೆಯಲ್ಲಿ ಒಬ್ಬಳೇ ಹೊರಟಿದ್ದೆ.

ಚಿಕ್ಕಬಳ್ಳಾಪುರದಲ್ಲಿ ಆರಿದ ಇಡ್ಲಿ ತಿಂದೆ. ಶಿಡ್ಲಘಟ್ಟದಲ್ಲಿ ಇಳಿದಾಗ ಬಿಸಿಲು ತಗ್ಗಿತ್ತು. ರೇಷ್ಮೆಗೂಡು ಬೇಯುವ ವಾಸನೆ ಊರಾಚೆಯವರೆಗೂ ಬಂತು. ಹತ್ತಿರದ ಹಳ್ಳಿಯಲ್ಲಿ ನನ್ನ ವಿದ್ಯಾರ್ಥಿನಿಯೊಬ್ಬಳ ಸೋದರತ್ತೆ ನಾರಾಯಣಮ್ಮನವರ ಮನೆ.

"ನಾಕನೇ ಜ್ವರ ಎದ್ದವೆ ಮೇಷ್ಟ್ರಮ್ಮ, ಮನೆ ತುಂಬಾ ಹುಳಾನೇ. ನಾವೂ ಜಗಲೀಲೇ ಮಲ್ಗೋದು" ಎಂದರು. ರೇಷ್ಮೆಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರವೆನ್ನುತ್ತಾರೆ; ನಾಲ್ಕನೆಯದು ಕಳೆದ ಮೇಲೆ ಅವಕ್ಕೆ ಹಸಿವೋ ಹಸಿವು. ನನ್ನ ಪರೀಕ್ಷೆಗೆ ಸೀಮೆಎಣ್ಣೆ ಬೇಕೆಂದಾಗ ಅವರ ಮುಖ ಬಿಗಿಯಿತು. ಆ ವಾಸನೆ ಹುಳುವಿಗೆ ಆಗುವುದಿಲ್ಲವಂತೆ. ಕೊನೆಗೆ ಹಿಪ್ಪುನೇರಳೆ ತೋಟದ ಮೂಲೆಯ ಮೂರು ಗಿಡ ಬಿಟ್ಟುಕೊಟ್ಟರು. ಎಣ್ಣೆ ಮುಟ್ಟಿದ ಮೇಲೆ ಹೊಸ್ತಿಲು ದಾಟಬಾರದೆಂದರು. ಒಪ್ಪಿದೆ.

ಮರುದಿನ ಬೆಳಗ್ಗೆ ಒಂದೊಂದು ಗಿಡಕ್ಕೆ ಒಂದೊಂದು ಬಣ್ಣದ ಕಾಗದ ಸುತ್ತಿ, ಸೀಮೆಎಣ್ಣೆಗೆಂದು ಪೇಟೆಗೆ ನಡೆದೆ. ಅಂಗಡಿ ತೆರೆದದ್ದೇ ತಡವಾಗಿ. ಮಧ್ಯಾಹ್ನ ಮರಳಿ ನೋಡಿದರೆ ಮೂರೂ ಗಿಡಗಳ ಮೇಲೆ ಒದ್ದೆ ಗೋಣಿಚೀಲ!

"ಬಿಸ್ಲಿಗೆ ಬಾಡೋಗ್ತಾವೆ ಅಂತ ನಾನೇ ಹೊದ್ಸಿದೆ. ಮೇಲಿಂದ ಮೇಲೆ ನೀರೂ ಚಿಮುಕ್ಸಿದೀನಿ" ಎಂದರು ನಾರಾಯಣಮ್ಮ, ಸಂಭ್ರಮದಿಂದ. ಕಿತ್ತ ಸೊಪ್ಪನ್ನು ಅವರು ಕಾಪಾಡುವುದೇ ಹಾಗೆ. ಬೆಳಗಿನ ಬೆಳಕೆಲ್ಲ ಹಾಳು. ಸಂಜೆಯ ರೈಲು ಹಿಡಿಯಲೇಬೇಕು. ಆದರೂ ಬೈಯಲು ಬಾಯಿ ಬರಲಿಲ್ಲ. ನನ್ನದೆಂಬ ವಸ್ತುವಿನ ಮೇಲೆ ಇಷ್ಟು ಮುತುವರ್ಜಿ ತೋರಿದವರನ್ನು ಕಂಡು ಬಹಳ ಕಾಲವಾಗಿತ್ತು.

ಅವರು ಸೊಪ್ಪಿನ ಹೊರೆ ಹೊತ್ತು ಹೋದ ಮೇಲೆ ಗೋಣಿ ತೆಗೆದು, ಒಂದೊಂದು ಗಿಡದ ಎಲೆ ತಿರುಗಿಸಿ ಸೀಮೆಎಣ್ಣೆಯ ಹನಿ ಬಿಟ್ಟೆ. ಬಾಯಿ ತೆರೆದಿದ್ದರೆ ಹನಿ ಒಳಗೆ ಇಂಗುತ್ತದೆ. ಎಲ್ಲೂ ಇಂಗಲಿಲ್ಲ. ಆಗ ಹೊಳೆಯಿತು: ಗೋಣಿಯ ಕತ್ತಲಲ್ಲಿ ಮೂರೂ ಒಂದೇ ಸಮ ಮುಚ್ಚಿಕೊಂಡಿವೆ. ಇದಕ್ಕಿಂತ ನ್ಯಾಯವಾದ ಆರಂಭ ನನಗೆ ಎಲ್ಲಿ ಸಿಗಬೇಕು?

ಬಿಸಿಲಲ್ಲಿ ಬಹಳ ಹೊತ್ತು ಕಾದು, ಬೇರೆ ಎಲೆಗಳಿಗೆ ಮತ್ತೆ ಹನಿ ಬಿಟ್ಟೆ. ಹಸಿರು ಕಾಗದದೊಳಗಿನ ಎಲೆಯ ಮೇಲೆ ಹನಿ ಹಾಗೇ ನಿಂತಿತು. ಕೆಂಪಿನಲ್ಲಿ ಅಲ್ಲಲ್ಲಿ ಚುಕ್ಕಿ ಬಿತ್ತು. ನೀಲಿಯಲ್ಲಿ ನೋಡನೋಡುತ್ತ ಇಂಗಿ ಕಪ್ಪಗೆ ಹರಡಿತು. ಓಡುತ್ತ ಮನೆಗೆ ಬಂದು ಅಂಗಳದಲ್ಲಿ ನಿಂತೆ.

"ನಾರಾಯಣಮ್ಮಾ, ನೀಲೀದು ತೆರೀತು!"

"ಏನು ತೆರೀತು?" ಬಾಗಿಲ ಹಿಂದಿನಿಂದ ದನಿ ಬಂತು.

"ಎಲೆ ಬಾಯಿ!"

ಒಳಗೆ ಸೊಪ್ಪು ಹರಡುವ ಸದ್ದು. "ಒಳ್ಳೇದಾಯ್ತು ಬಿಡಿ. ಒಳಕ್ಕೆ ಬರ್ಬೇಡಿ ಮೇಷ್ಟ್ರಮ್ಮ, ವಾಸ್ನೆ."

ಬರುವುದಿಲ್ಲವೆಂದೆ. ಹಸಿದ ಹುಳು ಬಿಟ್ಟು ಅವರೂ ಹೊರಗೆ ಬರುವಂತಿರಲಿಲ್ಲ. ಅಷ್ಟು ದೊಡ್ಡ ಸಂತೋಷ ಕಟ್ಟಿಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ. ಆಮೇಲೆ ಆ ಮುಚ್ಚಿದ ಬಾಗಿಲಿಗೇ, ಹಸಿರಿನಲ್ಲಿ ಏನಾಯಿತು, ಕೆಂಪಿನಲ್ಲಿ ಏನಾಯಿತು, ನೀಲಿಯಲ್ಲಿ ಏನಾಯಿತು ಎಂದು ಒಂದೂ ಬಿಡದೆ ಹೇಳಿ, ಸ್ಟೇಷನ್ನಿನ ದಾರಿ ಹಿಡಿದೆ.